ಗುಳಿಗೆಗೆ ಲೇಬಲ್ ಇದೆ, ವ್ಯಾಯಾಮಕ್ಕೆ?

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಪೀಣ್ಯ, ದಾಸರಹಳ್ಳಿ, ಮಾದಾವರ ದಾಟಿ ನೆಲಮಂಗಲದ ಕಡೆ ಹೊರಟರೆ ದಾರಿಯಲ್ಲಿ ಮಾಕಳಿ ಸಿಗುತ್ತದೆ. 1930ರಲ್ಲಿ ಡೆಹ್ರಾಡೂನಿನಲ್ಲಿ ಶುರುವಾದ ಹಿಮಾಲಯ ಡ್ರಗ್ ಕಂಪನಿ 1975ರಲ್ಲಿ ತನ್ನ ಕಾರ್ಖಾನೆಯನ್ನು ಕಟ್ಟಿದ್ದು ಇಲ್ಲೇ. ಅಂದಿನಿಂದ ಔಷಧದ ಡಬ್ಬಿಗಳ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗಿ ಮಾಕಳಿ ಎಂಬ ಹೆಸರು ಊರೂರು ಸುತ್ತಿದೆ.

ಯಾವುದೇ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿ. ಒಂದು ಗುಳಿಗೆಯಲ್ಲಿ ಏನೇನಿದೆ, ಎಷ್ಟೆಷ್ಟು ಮಿಲಿಗ್ರಾಂ ಇದೆ, ಯಾವ ತಿಂಗಳಲ್ಲಿ ತಯಾರಾಯಿತು, ಯಾವಾಗ ಅವಧಿ ಮುಗಿಯುತ್ತದೆ, ಬ್ಯಾಚ್ ನಂಬರ್ ಏನು, ತಯಾರಿಸಿದವರು ಯಾರು, ಎಲ್ಲವೂ ಇರುತ್ತದೆ. ಈಗ ಇದೇ ರಸ್ತೆಯಲ್ಲಿ ನಡೆಯುವ ಇನ್ನೊಂದು ಬಗೆಯ ಚಿಕಿತ್ಸೆಯನ್ನು ಯೋಚಿಸಿ. ಪೀಣ್ಯದ ವರ್ಕ್‌ಶಾಪೊಂದರಲ್ಲಿ ಪ್ರೆಸ್ಸಿಗೆ ಕೈ ಸಿಕ್ಕಿಸಿಕೊಂಡ ಕಾರ್ಮಿಕ, ಲಕ್ವ ಹೊಡೆದು ಬಲಗಾಲು ಎಳೆಯುತ್ತಿರುವ ಸೆಕ್ಯುರಿಟಿ ಗಾರ್ಡ್, ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಸೊಂಟ ಹಿಡಿದುಕೊಂಡ ಗಾರ್ಮೆಂಟ್ಸ್ ಹೆಣ್ಣುಮಗಳು. ಇವರ ಕೈಗೆ ಬರುವ ಚೀಟಿಯಲ್ಲಿ ಅನೇಕ ಸಲ ಇರುವುದು ಇಷ್ಟೇ: ‘ಫಿಸಿಯೋಥೆರಪಿ, ಹತ್ತು ದಿನ.’ ಯಾವ ವ್ಯಾಯಾಮ? ದಿನಕ್ಕೆ ಎಷ್ಟು ಸಲ? ನೋವಾದರೆ ನಿಲ್ಲಿಸಬೇಕೋ ಮುಂದುವರಿಸಬೇಕೋ? ಅದು ಚೀಟಿ ಬರೆದವರ ತಲೆಯಲ್ಲೋ, ಮಾಡಿಸುವವರ ಕೈಯಲ್ಲೋ ಉಳಿದಿರುತ್ತದೆ.

ಚೀಟಿಯಲ್ಲಿರುವ ಈ ಕೊರತೆ ಸಂಶೋಧನಾ ಪ್ರಬಂಧಗಳಲ್ಲೂ ಇದೆ ಎಂಬುದು ಬಹಳ ಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ಬಿದ್ದವರನ್ನು ಮತ್ತೆ ನಡೆಸುವ, ಕೈಬಿದ್ದವರಿಗೆ ಮತ್ತೆ ಲೋಟ ಹಿಡಿಯಲು ಕಲಿಸುವ ಪುನಶ್ಚೇತನ ಚಿಕಿತ್ಸೆಯ ಮೇಲೆ ಸಾವಿರಾರು ಪ್ರಯೋಗಗಳು ನಡೆದಿವೆ. 2019ರ ಲೆಕ್ಕದಲ್ಲಿ ಜಗತ್ತಿನ 240 ಕೋಟಿಗೂ ಹೆಚ್ಚು ಜನರಿಗೆ ಇಂಥ ಚಿಕಿತ್ಸೆಯಿಂದ ಉಪಯೋಗವಾಗಬಹುದು ಎಂದು ‘ಲ್ಯಾನ್ಸೆಟ್’ ಪತ್ರಿಕೆಯ ಅಧ್ಯಯನವೊಂದು ಅಂದಾಜು ಮಾಡಿತ್ತು. ಆದರೆ ಪ್ರಯೋಗದಲ್ಲಿ ನಿಜವಾಗಿ ಏನು ಮಾಡಿದರು ಎಂದು ಬರೆದಿಡುವುದನ್ನು ವೈದ್ಯಲೋಕ ಕಲಿತದ್ದು ತೀರ ನಿಧಾನವಾಗಿ. ಆ ಕಲಿಕೆಯ ಕತೆಯ ಕೆಲವು ಪುಟಗಳು ನಮ್ಮ ಬೆಂಗಳೂರಿನ ಅಂಚಿನಲ್ಲೇ ಬರೆಯಲ್ಪಟ್ಟಿವೆ.

ಬೇರು ಹಡಗು ಹತ್ತಬಲ್ಲದು

ಮೊದಲು ಗುಳಿಗೆಯ ಕತೆಯನ್ನೇ ನೋಡೋಣ. ಸರ್ಪಗಂಧಿ ನಮ್ಮ ನಾಟಿವೈದ್ಯರಿಗೆ ಹಳೆಯ ಪರಿಚಯ. 1934ರಲ್ಲಿ ಹಿಮಾಲಯ ಕಂಪನಿ ಅದರ ಬೇರಿನಿಂದ ‘ಸರ್ಪಿನಾ’ ಎಂಬ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. 1949ರಲ್ಲಿ ಮುಂಬಯಿಯ ಹೃದಯತಜ್ಞ ಡಾ. ರುಸ್ತುಂ ಜಾಲ್ ವಕೀಲ್ ಅವರು ರಕ್ತದೊತ್ತಡದ ರೋಗಿಗಳಿಗೆ ಸರ್ಪಗಂಧಿ ಕೊಟ್ಟು ಕಂಡದ್ದನ್ನು ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದರು. ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಇಂದಿನ ಅಳತೆಯಲ್ಲಿ ಅದು ದುರ್ಬಲ ಪ್ರಯೋಗವೇ. ಆದರೂ ಲೇಖನ ಓದಿದವರಿಗೆ ಒಂದು ಅನುಕೂಲವಿತ್ತು: ಅದೇ ಬೇರನ್ನು ತರಿಸಿಕೊಂಡು ತಾವೂ ಕೊಟ್ಟು ನೋಡಬಹುದಿತ್ತು. ಬಾಸ್ಟನ್ನಿನಲ್ಲಿ ರಾಬರ್ಟ್ ವಿಲ್ಕಿನ್ಸ್ ಹಾಗೆ ನೋಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಜ್ಞರು ಬೇರಿನಿಂದ ‘ರೆಸರ್ಪಿನ್’ ಎಂಬ ಸಾರವನ್ನು ಬೇರ್ಪಡಿಸಿದರು. ಕೆಲವೇ ವರ್ಷಗಳಲ್ಲಿ ಅದು ಪಶ್ಚಿಮದ ಆಸ್ಪತ್ರೆಗಳ ಕಪಾಟು ಸೇರಿತು.

ಔಷಧದ ಭಾಗ್ಯ ಇದು. ವರದಿ ಸ್ವಲ್ಪ ಹಿಂದೆ ಬಿದ್ದರೂ ವಸ್ತುವೇ ಪ್ರಯಾಣ ಮಾಡುತ್ತದೆ. ಬೇರು ಹಡಗು ಹತ್ತಬಲ್ಲದು, ಗುಳಿಗೆ ಅಂಚೆಯಲ್ಲಿ ಹೋಗಬಲ್ಲದು. ಆದರೆ ಲಕ್ವ ಹೊಡೆದವನ ಭುಜವನ್ನು ಅನುಭವಿ ಥೆರಪಿಸ್ಟ್ ಒಬ್ಬರು ಹಿಡಿದು ಎತ್ತುವ ರೀತಿ ಯಾವ ಡಬ್ಬಿಯಲ್ಲಿ ಹೋಗಬೇಕು? ಅದು ಮಾತಿನಲ್ಲೇ, ಬರಹದಲ್ಲೇ ಹೋಗಬೇಕು. ಬರೆಯದಿದ್ದರೆ ಅದು ಆ ಕೋಣೆಯಲ್ಲೇ ಉಳಿಯುತ್ತದೆ.

ವಿಶ್ರಾಂತಿಯನ್ನು ಅಳೆದವರು

‘ಆರೈಕೆ’ ಎಂಬ ಅಮೂರ್ತ ಸಂಗತಿಯನ್ನೂ ಬಿಡಿಸಿ ಬರೆಯಬಹುದು ಎಂದು ತೋರಿಸಿದ ಪ್ರಯೋಗವೊಂದು ನಮ್ಮ ಪಕ್ಕದ ಮದರಾಸಿನಲ್ಲಿ ನಡೆಯಿತು. ಅದು ಪುನಶ್ಚೇತನದ ಪ್ರಯೋಗವಲ್ಲ, ಕ್ಷಯದ್ದು. ಆದರೆ ಅದರ ಪ್ರಶ್ನೆ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಆಗಿನ ಕಾಲಕ್ಕೆ ಕ್ಷಯ ಎಂದರೆ ಸ್ಯಾನಟೋರಿಯಂ. ಹಾಸಿಗೆಯ ವಿಶ್ರಾಂತಿ, ಒಳ್ಳೆಯ ಊಟ, ಗಾಳಿ ಬೆಳಕು ಇವೇ ಚಿಕಿತ್ಸೆಯ ಅರ್ಧ ಎಂದು ವೈದ್ಯರೂ ನಂಬಿದ್ದರು, ಜನರೂ ನಂಬಿದ್ದರು. ಲಕ್ಷಾಂತರ ರೋಗಿಗಳಿಗೆ ಅಷ್ಟು ಹಾಸಿಗೆ ಎಲ್ಲಿಂದ ತರುವುದು?

1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಅಲ್ಲಿ ಒಂದು ಕೇಂದ್ರ ತೆರೆದವು. 193 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲನ್ನು ಸ್ಯಾನಟೋರಿಯಮ್ಮಿಗೆ ಕಳಿಸಿದರು, ಇನ್ನೊಂದನ್ನು ಮನೆಯಲ್ಲೇ ಬಿಟ್ಟರು. ಔಷಧ ಇಬ್ಬರಿಗೂ ಒಂದೇ, ಒಂದು ವರ್ಷ. 1959ರಲ್ಲಿ ಬಂದ ವರದಿ ಗುಳಿಗೆಯ ಲೆಕ್ಕ ಕೊಟ್ಟು ಸುಮ್ಮನಾಗಲಿಲ್ಲ. ಮನೆಯಲ್ಲಿದ್ದವರ ಊಟ ಎಂಥದ್ದು, ಎಷ್ಟು ಜನ ಇಕ್ಕಟ್ಟಿನಲ್ಲಿದ್ದರು, ಎಷ್ಟು ವಿಶ್ರಾಂತಿ ಸಿಕ್ಕಿತು ಎಂಬುದನ್ನೂ ದಾಖಲಿಸಿತು. ಮನೆಯವರ ಊಟ ಕಡಿಮೆ, ವಿಶ್ರಾಂತಿ ಕಡಿಮೆ. ಆದರೂ ಗುಣವಾದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಮನೆಯಲ್ಲೇ ಚಿಕಿತ್ಸೆ ಎಂಬ ನೆಲೆಗಟ್ಟಿನ ಮೇಲೆ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡದ್ದು ಇಲ್ಲಿ.

ಯೋಚಿಸಿ ನೋಡಿ: ವರದಿಯಲ್ಲಿ ‘ಮನೆ ಚಿಕಿತ್ಸೆ’ ಎಂದಷ್ಟೇ ಇದ್ದು, ಊಟ–ವಿಶ್ರಾಂತಿಯ ವಿವರ ಇಲ್ಲದೆ ಹೋಗಿದ್ದರೆ? ‘ಮನೆಯಲ್ಲೂ ಚೆನ್ನಾಗಿ ತಿಂದು ಮಲಗಿರಬೇಕು, ಅದಕ್ಕೇ ಗುಣವಾಯಿತು’ ಎಂದು ಯಾರಾದರೂ ತಳ್ಳಿಹಾಕಬಹುದಿತ್ತು. ಬರೆದಿಟ್ಟ ವಿವರವೇ ಆ ಬಾಗಿಲನ್ನು ಮುಚ್ಚಿತು.

ಅರವತ್ತೈದು ನಿಮಿಷ

1985ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಬೆಂಗಳೂರಿನ ವಿವೇಕಾನಂದ ಕೇಂದ್ರದಿಂದ ಬಂದ ಲೇಖನವೊಂದನ್ನು ಪ್ರಕಟಿಸಿತು. ಬರೆದವರು ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ. ವಿಷಯ: ಉಬ್ಬಸಕ್ಕೆ ಯೋಗ. 53 ರೋಗಿಗಳಿಗೆ ಎರಡು ವಾರ ತರಬೇತಿ ಕೊಟ್ಟು, ಮನೆಯಲ್ಲಿ ದಿನಕ್ಕೆ 65 ನಿಮಿಷ ಅಭ್ಯಾಸ ಮಾಡಲು ಹೇಳಿದ್ದರು. ವಯಸ್ಸು, ಲಿಂಗ, ಉಬ್ಬಸದ ಬಗೆ ಮತ್ತು ತೀವ್ರತೆಗೆ ತಾಳೆಯಾಗುವ ಇನ್ನೂ 53 ಮಂದಿಯೊಂದಿಗೆ ಹೋಲಿಸಿದರು. ಯೋಗ ಮಾಡಿದವರಿಗೆ ಉಬ್ಬಸದ ದಾಳಿ, ಔಷಧದ ಅಗತ್ಯ ಎರಡೂ ಹೆಚ್ಚು ತಗ್ಗಿದ್ದವು.

ಈ ಲೇಖನದಲ್ಲಿ ನನಗೆ ಇಷ್ಟವಾಗುವುದು ಆ ‘65 ನಿಮಿಷ’ ಎಂಬ ಅಂಕಿ. ‘ಯೋಗ ಮಾಡಿಸಿದೆವು’ ಎಂದು ಬಿಟ್ಟಿಲ್ಲ. ಉಸಿರಾಟದ ವ್ಯಾಯಾಮ, ಸೂರ್ಯನಮಸ್ಕಾರ, ಆಸನ, ಪ್ರಾಣಾಯಾಮ, ಧ್ಯಾನ, ಭಜನೆಯಂಥ ಒಂದು ಭಾವನಾತ್ಮಕ ಅವಧಿ ಎಂದು ಒಳಗಿರುವುದನ್ನು ಹೆಸರಿಸಿದ್ದಾರೆ. ಆದರೆ ಈ ಬುಟ್ಟಿಯಲ್ಲಿ ಉಬ್ಬಸಕ್ಕೆ ನಾಟಿದ್ದು ಯಾವುದು? ಉಸಿರಾಟವೋ, ಧ್ಯಾನವೋ? ಎರಡನೆಯದಾಗಿ, ಗುಂಪುಗಳನ್ನು ಚೀಟಿ ಎತ್ತಿ ಮಾಡಿರಲಿಲ್ಲ, ತಾಳೆ ನೋಡಿ ಮಾಡಿದ್ದರು. ಯೋಗಕ್ಕೆಂದು ಎರಡು ವಾರ ಬಿಡುವು ಮಾಡಿಕೊಂಡು ಬರುವ ರೋಗಿಯ ಮನಸ್ಸು, ಬದುಕು ಬೇರೆಯವರಿಗಿಂತ ಮೊದಲೇ ಬೇರೆ ಇರಬಹುದು. ವಯಸ್ಸು, ಲಿಂಗ ತಾಳೆಯಾದ ಮಾತ್ರಕ್ಕೆ ಉತ್ಸಾಹ ತಾಳೆಯಾಗುವುದಿಲ್ಲ. ಈ ತಕರಾರು ಎತ್ತಲು ನಮಗೆ ಸಾಧ್ಯವಾಗುವುದೂ ಅವರು ಅದನ್ನು ಮುಚ್ಚಿಡದೆ ಬರೆದದ್ದರಿಂದಲೇ.

ಲಕೋಟೆಯೊಳಗಿನ ಚೀಟಿ

ಚೀಟಿ ಎತ್ತುವ ವಿಷಯ ಎಷ್ಟು ಗಂಭೀರ ಎಂಬುದು 1995ರಲ್ಲಿ ಅಂಕಿಯಲ್ಲೇ ಸಿಕ್ಕಿತು. ಕೆನೆತ್ ಶುಲ್ಜ್ ಮತ್ತು ಸಂಗಡಿಗರು 250 ಪ್ರಯೋಗಗಳನ್ನು ಪರಿಶೀಲಿಸಿದರು. ಮುಂದಿನ ರೋಗಿ ಯಾವ ಗುಂಪಿಗೆ ಎಂಬುದು ವೈದ್ಯರಿಗೆ ಮುಂಚೆಯೇ ತಿಳಿಯದಂತೆ ಸರಿಯಾಗಿ ಮುಚ್ಚಿಟ್ಟ ಪ್ರಯೋಗಗಳಿಗೆ ಹೋಲಿಸಿದರೆ, ಸರಿಯಾಗಿ ಮುಚ್ಚಿಡದ ಪ್ರಯೋಗಗಳು ಚಿಕಿತ್ಸೆಯ ಪರಿಣಾಮವನ್ನು ಶೇ 41ರಷ್ಟು ಉಬ್ಬಿಸಿ ತೋರಿಸಿದ್ದವು. ಮುಚ್ಚಿಟ್ಟಿದ್ದರೋ ಇಲ್ಲವೋ ಎಂದು ಬರೆಯದೆ ಬಿಟ್ಟವುಗಳಲ್ಲಿ ಈ ಉಬ್ಬರ ಶೇ 30ರಷ್ಟಿತ್ತು. ಮೋಸವೇ ಆಗಬೇಕೆಂದಿಲ್ಲ. ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದ ವೈದ್ಯರೊಬ್ಬರು ‘ಪಾಪ, ಈತನಿಗೆ ಹೊಸ ಚಿಕಿತ್ಸೆ ಸಿಗಲಿ’ ಎಂದು ಕರುಣೆಪಟ್ಟರೂ ಲೆಕ್ಕ ತಪ್ಪುತ್ತದೆ.

ಮರುವರ್ಷ, 1996ರಲ್ಲಿ, ‘ಕನ್ಸಾರ್ಟ್’ ಎಂಬ ಮಾರ್ಗಸೂಚಿ ಬಂತು. ಪ್ರಯೋಗದ ವರದಿಯಲ್ಲಿ ಇರಲೇಬೇಕಾದ ಸಂಗತಿಗಳ ಪಟ್ಟಿ ಅದು. ಎಷ್ಟು ಜನ ಬಂದರು, ಎಷ್ಟು ಜನ ಸೇರಿದರು, ನಡುವೆ ಎಷ್ಟು ಜನ ಬಿಟ್ಟರು, ಕೊನೆಗೆ ಎಷ್ಟು ಜನರ ಲೆಕ್ಕ ಹಾಕಿದಿರಿ ಎಂದು ಒಂದು ಚಿತ್ರದಲ್ಲಿ ತೋರಿಸಬೇಕು. 2001ರಲ್ಲಿ, 2010ರಲ್ಲಿ, ತೀರ ಈಚೆಗೆ 2025ರಲ್ಲಿ ಅದನ್ನು ತಿದ್ದಿದ್ದಾರೆ.

ಪುನಶ್ಚೇತನದವರಿಗೆ ಮಾತ್ರ ಈ ಅಂಗಿ ಮೊದಲಿಗೆ ಸರಿಯಾಗಿ ಹೊಂದಲಿಲ್ಲ. ಅದನ್ನು ಹೊಲಿದದ್ದು ಗುಳಿಗೆಯ ಅಳತೆಗೆ. ಗುಳಿಗೆಯ ಪ್ರಯೋಗದಲ್ಲಿ ರೋಗಿಗೂ ವೈದ್ಯರಿಗೂ ತಿಳಿಯದಂತೆ ಸಕ್ಕರೆ ಮಾತ್ರೆ ಕೊಡಬಹುದು. ಆದರೆ ತಾನು ವ್ಯಾಯಾಮ ಮಾಡುತ್ತಿದ್ದೇನೋ ಇಲ್ಲವೋ ಎಂದು ರೋಗಿಗೆ ತಿಳಿಯದಂತೆ ಮಾಡುವುದು ಹೇಗೆ? ಹಾಗೆಂದು ಎಲ್ಲವನ್ನೂ ಕೈಬಿಡಬೇಕಿಲ್ಲ. ಕೊನೆಯಲ್ಲಿ ಅಳತೆ ತೆಗೆಯುವವರಿಗಾದರೂ ರೋಗಿ ಯಾವ ಗುಂಪಿನವನು ಎಂದು ತಿಳಿಯದಂತೆ ನೋಡಿಕೊಳ್ಳಬಹುದು. 1999ರಲ್ಲಿ ಸಿಡ್ನಿಯಲ್ಲಿ ಶುರುವಾದ ‘ಪೆಡ್ರೊ’ ಎಂಬ ಭಂಡಾರ ಫಿಸಿಯೋಥೆರಪಿ ಪ್ರಯೋಗಗಳನ್ನು ಒಂದೆಡೆ ಕಲೆಹಾಕಿ, ಇಂಥ ಪ್ರಶ್ನೆಗಳಿಟ್ಟು ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡತೊಡಗಿತು. 2008ರಲ್ಲಿ ಔಷಧೇತರ ಚಿಕಿತ್ಸೆಗಳಿಗೆಂದೇ ಕನ್ಸಾರ್ಟ್‌ನ ಪ್ರತ್ಯೇಕ ವಿಸ್ತರಣೆ ಬಂತು. ಚಿಕಿತ್ಸೆ ಕೊಟ್ಟವರ ಅನುಭವ ಎಷ್ಟು ಎಂಬುದನ್ನೂ ಬರೆಯಿರಿ ಎಂದು ಅದು ಕೇಳಿತು.

ಜಿಗಣಿಯ ಒಂದು ವಾರ

ಅದೇ 2008ರಲ್ಲಿ ನಗರದ ಇನ್ನೊಂದು ಅಂಚಿನಿಂದ, ಎಲೆಕ್ಟ್ರಾನಿಕ್ ಸಿಟಿಯ ಆಚೆಗಿನ ಜಿಗಣಿಯ ಕಡೆಯಿಂದ, ಪುನಶ್ಚೇತನದ ಪ್ರಯೋಗವೊಂದರ ವರದಿ ಪ್ರಕಟವಾಯಿತು. ಅಲ್ಲಿನ ಎಸ್‌-ವ್ಯಾಸ ಯೋಗ ವಿಶ್ವವಿದ್ಯಾಲಯದ ಪದ್ಮಿನಿ ಟೇಕೂರ್ ಮತ್ತು ಸಂಗಡಿಗರು ದೀರ್ಘಕಾಲದ ಸೊಂಟನೋವಿನ 80 ಮಂದಿಯನ್ನು ಈ ಬಾರಿ ಚೀಟಿ ಎತ್ತುವ ಕ್ರಮದಲ್ಲೇ ವಿಂಗಡಿಸಿದರು. ಎರಡೂ ಗುಂಪಿನವರು ಒಂದು ವಾರ ಅಲ್ಲೇ ಉಳಿದರು. ಒಂದು ಗುಂಪಿಗೆ ಸೊಂಟನೋವಿಗೆ ತಕ್ಕ ಆಸನ, ಪ್ರಾಣಾಯಾಮ, ಧ್ಯಾನ, ಉಪನ್ಯಾಸ. ಇನ್ನೊಂದಕ್ಕೆ ತಜ್ಞರ ನಿಗಾದಲ್ಲಿ ದೈಹಿಕ ವ್ಯಾಯಾಮ, ಜೀವನಶೈಲಿಯ ಬಗ್ಗೆ ಮಾತುಕತೆ. ಕೊಟ್ಟ ಸಮಯವೂ ಗಮನವೂ ಎರಡೂ ಕಡೆ ಸಮ.

ಈ ಕೊನೆಯ ಮಾತು ಚಿಕ್ಕದಾಗಿ ಕಂಡರೂ ದೊಡ್ಡದು. ಮನೆ, ಕೆಲಸ, ಟ್ರಾಫಿಕ್ಕು ಬಿಟ್ಟು ಮರಗಳ ನಡುವೆ ಒಂದು ವಾರ ಇದ್ದರೆ ಯಾರ ಸೊಂಟವಾದರೂ ಸ್ವಲ್ಪ ಸಡಿಲವಾಗುತ್ತದೆ. ಯಾರಾದರೂ ದಿನಾ ‘ಹೇಗಿದ್ದೀರಿ?’ ಎಂದು ಕೇಳಿದರೂ ನೋವು ತಗ್ಗುತ್ತದೆ. ಎರಡೂ ಗುಂಪಿಗೆ ಅದು ಸಮನಾಗಿ ಸಿಕ್ಕಿದ್ದರಿಂದ ಉಳಿದ ಅಂತರಕ್ಕೆ ಅರ್ಥ ಬಂತು. ಯೋಗದ ಗುಂಪಿನವರಲ್ಲಿ ನೋವಿನಿಂದಾಗುವ ಅಸಾಮರ್ಥ್ಯ ಹೆಚ್ಚು ಇಳಿದಿತ್ತು, ಬೆನ್ನು ಹೆಚ್ಚು ಬಾಗುತ್ತಿತ್ತು.

1985ರ ಲೇಖನದ ಪಕ್ಕ ಇದನ್ನಿಟ್ಟು ಓದಿದರೆ ನಡುವಿನ 23 ವರ್ಷಗಳ ಕಲಿಕೆ ಕಾಣುತ್ತದೆ. ಆದರೂ ಓದುಗರಿಗೆ ಒಂದು ಪ್ರಶ್ನೆ ಉಳಿಯುತ್ತದೆ. ಅಳತೆ ತೆಗೆದದ್ದು ವಾರದ ಕೊನೆಗೆ. ಆ 80 ಮಂದಿ ಮತ್ತೆ ಬಸ್ಸು, ಬೈಕು, ಕಂಪ್ಯೂಟರಿನ ಮುಂದೆ ಬಂದು ಕೂತ ಮೇಲೆ? ಒಂದು ವಾರದ ರಜೆಯೇ ಸಿಗದ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಇದರಲ್ಲಿ ಯಾವ ಭಾಗವನ್ನು ಮನೆಗೆ ಕೊಟ್ಟು ಕಳಿಸಬಹುದು? ಆ ಪ್ರಯೋಗ ಇದನ್ನು ಕೇಳಿರಲಿಲ್ಲ, ಆದ್ದರಿಂದ ಅದರ ತಪ್ಪೇನಿಲ್ಲ. ಆದರೆ ಇಂಥ ಪ್ರಶ್ನೆಗೆ ಉತ್ತರ ಬೇಕಿದ್ದರೆ ಚಿಕಿತ್ಸೆಯನ್ನು ಬಿಡಿಬಿಡಿಯಾಗಿ ಬರೆಯುವುದು ಅನಿವಾರ್ಯ.

ರುಚಿಗೆ ತಕ್ಕಷ್ಟು ಉಪ್ಪು

ನಮ್ಮ ಅಡುಗೆಮನೆಗಳಲ್ಲಿ ‘ಉಪ್ಪು ರುಚಿಗೆ ತಕ್ಕಷ್ಟು’ ಎಂದರೆ ಸಾಕು. ಪಕ್ಕದಲ್ಲೇ ನಿಂತ ಮಗಳು ಅಮ್ಮನ ಕೈ ನೋಡಿ ಕಲಿಯುತ್ತಾಳೆ. ಊರು ಬಿಟ್ಟು ಹೋಗಿ ಫೋನಿನಲ್ಲಿ ಸಾರು ಕಲಿಯುವವಳಿಗೆ ಅದು ಸಾಲದು. ಪುನಶ್ಚೇತನದ ಪ್ರಬಂಧಗಳು ಬಹುಕಾಲ ‘ರುಚಿಗೆ ತಕ್ಕಷ್ಟು’ ಭಾಷೆಯಲ್ಲೇ ಇದ್ದವು: ‘ಸಾಂಪ್ರದಾಯಿಕ ಫಿಸಿಯೋಥೆರಪಿ ಕೊಡಲಾಯಿತು’, ‘ರೋಗಿಯ ಶಕ್ತ್ಯಾನುಸಾರ ವ್ಯಾಯಾಮ ಮಾಡಿಸಲಾಯಿತು’.

ಇದರ ಗಾತ್ರವನ್ನು 2013ರಲ್ಲಿ ಟ್ಯಾಮಿ ಹಾಫ್‌ಮನ್ ಮತ್ತು ಸಂಗಡಿಗರು ಎಣಿಸಿದರು. ಔಷಧವಲ್ಲದ 137 ಚಿಕಿತ್ಸೆಗಳ ವಿವರಣೆಯನ್ನು ಪ್ರಕಟಿತ ವರದಿಗಳಲ್ಲಿ ಹುಡುಕಿದರೆ, ಓದಿ ಹಾಗೆಯೇ ಮಾಡಬಹುದಾದಷ್ಟು ವಿವರ ಇದ್ದದ್ದು ಶೇ 39ರಲ್ಲಿ ಮಾತ್ರ. ಬರೆದವರಿಗೇ ಪತ್ರ ಹಾಕಿ ಕೇಳಿದ ಮೇಲೂ ಅದು ಏರಿದ್ದು ಶೇ 59ಕ್ಕೆ. ಉಳಿದವು? ಆ ಚಿಕಿತ್ಸೆ ಕೆಲಸ ಮಾಡಿತೆಂದು ಬರೆದಿದೆ, ಏನು ಮಾಡಿದರೆಂದು ಯಾರಿಗೂ ಪೂರ್ತಿ ತಿಳಿಯದು. ರೋಗಿಗಳು ಕೊಟ್ಟ ಸಮಯ, ಸಹಿಸಿದ ನೋವು, ಖರ್ಚಾದ ಹಣ ಎಲ್ಲವೂ ವ್ಯರ್ಥ.

ಮರುವರ್ಷ ಅದೇ ತಂಡದ ಮುಂದಾಳತ್ವದಲ್ಲಿ ‘ಟೈಡಿಯರ್’ ಎಂಬ 12 ಅಂಶಗಳ ಪಟ್ಟಿ ಬಂತು. ಚಿಕಿತ್ಸೆಯ ಹೆಸರೇನು, ಏಕೆ, ಯಾವ ಸಾಮಗ್ರಿ, ಯಾವ ಕ್ರಮ, ಕೊಟ್ಟವರು ಯಾರು, ಮುಖಾಮುಖಿಯೋ ಫೋನಿನಲ್ಲೋ, ಎಲ್ಲಿ, ಎಷ್ಟು ಸಲ ಎಷ್ಟು ಹೊತ್ತು, ರೋಗಿಗೆ ತಕ್ಕಂತೆ ಹೇಗೆ ಬದಲಿಸಿದರು, ನಡುವೆ ಏನು ಮಾರ್ಪಾಡಾಯಿತು, ಹೇಳಿದ್ದನ್ನು ಮಾಡುತ್ತಾರೆಯೇ ಎಂದು ಹೇಗೆ ನೋಡಿಕೊಂಡರು, ನಿಜವಾಗಿ ಎಷ್ಟು ಮಾಡಿದರು. ಮಾತ್ರೆಯ ಪಟ್ಟಿಯ ಹಿಂಬದಿಯ ಸಣ್ಣಕ್ಷರಗಳೇ ಇವು, ವ್ಯಾಯಾಮಕ್ಕೆ ಬಂದಿವೆ ಅಷ್ಟೆ. ಆ 2014ರಲ್ಲೇ ಪುನಶ್ಚೇತನ ಮತ್ತು ಅಂಗವೈಕಲ್ಯ ಕ್ಷೇತ್ರದ 28 ಪ್ರಮುಖ ಪತ್ರಿಕೆಗಳು ಇಂಥ ವರದಿ ಮಾರ್ಗಸೂಚಿಗಳನ್ನು ಪಾಲಿಸುವುದು ಕಡ್ಡಾಯ ಎಂದು ಒಟ್ಟಾಗಿ ತೀರ್ಮಾನಿಸಿದವು.

ಫಲ ಕೊಡದ ಫಲಿತಾಂಶ

ವಿವರ ಬರೆಯುವುದು ಒಂದು ಪ್ರಾಮಾಣಿಕತೆಯಾದರೆ, ಸೋತದ್ದನ್ನೂ ಬರೆಯುವುದು ಇನ್ನೊಂದು. ಗೆದ್ದ ಪ್ರಯೋಗ ಪತ್ರಿಕೆಗೆ ಹೋಗುತ್ತದೆ, ಸೋತದ್ದು ಮೇಜಿನ ಡ್ರಾಯರಿನಲ್ಲಿ ಉಳಿಯುತ್ತದೆ. ಇದನ್ನು ತಡೆಯಲು ಪ್ರಯೋಗ ಶುರುವಾಗುವ ಮುಂಚೆಯೇ ಹೆಸರು ನೋಂದಾಯಿಸಬೇಕು. ನಮ್ಮಲ್ಲಿ ಅದಕ್ಕೆಂದು ‘ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ–ಇಂಡಿಯಾ’ 2007ರ ಜುಲೈ 20ರಂದು ತೆರೆಯಿತು. ಅದರಲ್ಲಿ ಔಷಧದ ಪ್ರಯೋಗಗಳ ಜೊತೆಗೆ ಫಿಸಿಯೋಥೆರಪಿ, ಯೋಗ, ಆಯುರ್ವೇದದವೂ ಇವೆ. ಯಾರು ಬೇಕಾದರೂ ತೆರೆದು ಓದಬಹುದು.

ಅಲ್ಲಿ ನೋಂದಾಯಿಸಿಕೊಂಡ ‘ಅಟೆಂಡ್’ ಎಂಬ ಪ್ರಯೋಗವನ್ನು ಪುನಶ್ಚೇತನದ ವಿದ್ಯಾರ್ಥಿಗಳು ಓದಲೇಬೇಕು. ಭಾರತದ 14 ಆಸ್ಪತ್ರೆಗಳು, 1250 ಲಕ್ವ ರೋಗಿಗಳು. ಥೆರಪಿಸ್ಟರು ಸಾಕಷ್ಟಿಲ್ಲದ ನಮ್ಮ ದೇಶದಲ್ಲಿ ಮನೆಯವರಿಗೇ ತರಬೇತಿ ಕೊಟ್ಟು ಮನೆಯಲ್ಲೇ ವ್ಯಾಯಾಮ ಮಾಡಿಸಿದರೆ ಹೇಗೆ ಎಂಬುದು ಅದರ ಪ್ರಶ್ನೆ. ಕೇಳಿದರೆ ಯಾರಾದರೂ ತಲೆದೂಗುವ ವಿಚಾರ. ಖರ್ಚು ಕಡಿಮೆ, ಕುಟುಂಬದ ಪ್ರೀತಿ ಜೊತೆಗೆ. 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಫಲಿತಾಂಶ ಬಂತು: ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ತರಬೇತಿಯ ಗುಂಪಿನಲ್ಲಿ 607ಕ್ಕೆ 285, ಎಂದಿನ ಆರೈಕೆಯ ಗುಂಪಿನಲ್ಲಿ 605ಕ್ಕೆ 287. ಎರಡೂ ಶೇ 47.

ಈ ಸಮನಾದ ಎರಡು ಅಂಕಿಗಳ ಬೆಲೆ ದೊಡ್ಡದು. ಪ್ರಯೋಗದ ವಿಧಾನವನ್ನೂ ಲೆಕ್ಕದ ಕ್ರಮವನ್ನೂ ಮೊದಲೇ ಪ್ರಕಟಿಸಿದ್ದರಿಂದ, ಕೊನೆಗೆ ಬೇರೊಂದು ಅಳತೆಯನ್ನು ಹುಡುಕಿ ‘ಗೆದ್ದೆವು’ ಎನ್ನುವ ದಾರಿ ಇರಲಿಲ್ಲ. ತರಬೇತಿ ನೆಲದ ಮೇಲೆ ಹೇಗೆ ನಡೆಯಿತು ಎಂಬುದನ್ನೂ ಬೇರೆಯಾಗಿ ಅಧ್ಯಯನ ಮಾಡಿ ಪ್ರಕಟಿಸಿದರು. ಈ ವರದಿ ಡ್ರಾಯರಿನಲ್ಲಿ ಉಳಿದಿದ್ದರೆ ಏನಾಗುತ್ತಿತ್ತು? ‘ಮನೆಯವರೇ ಮಾಡಿಸಲಿ’ ಎಂಬುದು ಅಗ್ಗದ ನೀತಿಯಾಗಿ ಬರಬಹುದಿತ್ತು. ‘ಮನೆಯವರು’ ಎಂದರೆ ನಮ್ಮಲ್ಲಿ ಸಾಮಾನ್ಯವಾಗಿ ಯಾರು? ಹೆಂಡತಿ, ಸೊಸೆ, ಮಗಳು. ಅವರ ದಿನಗೂಲಿ ಹೋಗುತ್ತದೆ, ಸೊಂಟ ಹೋಗುತ್ತದೆ. ಕೊನೆಗೆ ಗಂಡ ನಡೆಯದೆ ಹೋದರೆ ‘ನೀನೇ ಸರಿಯಾಗಿ ಮಾಡಿಸಲಿಲ್ಲ’ ಎಂಬ ಮಾತೂ ಅವರ ತಲೆಗೇ ಬರುತ್ತದೆ. ಈ ಕ್ರಮದಲ್ಲಿ, ಇಷ್ಟು ಪ್ರಮಾಣದಲ್ಲಿ ಕೊಟ್ಟ ತರಬೇತಿ ಹೆಚ್ಚು ಫಲ ಕೊಡಲಿಲ್ಲ ಎಂದು ಅಚ್ಚಾಗಿರುವುದು ಆ ಹೆಂಗಸಿನ ಪರವಾಗಿ ಒಂದು ಸಾಕ್ಷಿ.

ಚಕ್ಕಳಮಕ್ಕಳ ಹಾಕಿ ಕೂರುವುದು

ಪಟ್ಟಿಗಳಿಂದಲೇ ಎಲ್ಲ ಸರಿಹೋಗುವುದಿಲ್ಲ. ಅಳತೆಗೋಲು ಎಲ್ಲಿಯದು ಎಂಬ ಪ್ರಶ್ನೆಯೂ ಇದೆ. ರೋಗಿ ಎಷ್ಟು ಸ್ವತಂತ್ರ ಎಂದು ನೋಡಲು ಜಗತ್ತಿನಾದ್ಯಂತ ಬಳಸುವ ‘ಬಾರ್ಥೆಲ್ ಸೂಚ್ಯಂಕ’ 1965ರಲ್ಲಿ ಅಮೆರಿಕದ ಮೇರಿಲ್ಯಾಂಡಿನಿಂದ ಬಂದದ್ದು. ಊಟ, ಸ್ನಾನ, ಬಟ್ಟೆ, ಮೆಟ್ಟಿಲು ಹೀಗೆ ಹತ್ತು ಸಂಗತಿಗಳನ್ನು ಕೇಳಿ ನೂರಕ್ಕೆ ಅಂಕ ಕೊಡುತ್ತದೆ. ಅದರಲ್ಲಿ ಹಾಸಿಗೆಯಿಂದ ಕುರ್ಚಿಗೆ ಹೋಗುವುದು ಇದೆ. ನೆಲದಿಂದ ಏಳುವುದು ಇಲ್ಲ. ಕುಕ್ಕರುಗಾಲಲ್ಲಿ ಕೂರುವುದು ಇಲ್ಲ, ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಊಟಕ್ಕೆ ಕೂರುವುದು ಇಲ್ಲ. ನೂರಕ್ಕೆ ನೂರು ಬಂದ ಅಜ್ಜಿ ಊರಿನ ಮನೆಗೆ ಹೋದರೆ ಶೌಚಕ್ಕೆ ಕೂರಲಾರದೆ ಅಳಬಹುದು. ಫಲಿತಾಂಶವನ್ನು ಯಾವ ಭಾಷೆಯಲ್ಲಿ ಕೇಳಿದಿರಿ, ಯಾವ ಮನೆಯ ಬದುಕನ್ನು ಕೇಳಿದಿರಿ ಎಂದು ಬರೆಯುವುದೂ ವರದಿಯ ಕೆಲಸವೇ.

2025ರ ಕನ್ಸಾರ್ಟ್ ಪಟ್ಟಿಯಲ್ಲಿ 30 ಅಂಶಗಳಿವೆ. ಹೊಸದಾಗಿ ಸೇರಿದವುಗಳಲ್ಲಿ ಎರಡು ನಮ್ಮ ಕತೆಗೆ ಮುಖ್ಯ. ಚಿಕಿತ್ಸೆಯನ್ನು ಹೇಗೆ ಕೊಡಬೇಕೆಂದಿದ್ದಿರಿ ಎನ್ನುವುದರ ಜೊತೆಗೆ ನಿಜವಾಗಿ ಹೇಗೆ ಕೊಟ್ಟಿರಿ ಎಂದು ಹೇಳಬೇಕು. ಪ್ರಯೋಗವನ್ನು ರೂಪಿಸುವಾಗ, ನಡೆಸುವಾಗ ರೋಗಿಗಳನ್ನೂ ಜನರನ್ನೂ ಹೇಗೆ ಒಳಗೊಂಡಿರಿ ಎಂದು ಹೇಳಬೇಕು. ಎರಡನೆಯದನ್ನು ಮನಸಾರೆ ಪಾಲಿಸಿದರೆ ನೆಲದ ಮೇಲೆ ಕೂರುವ ಪ್ರಶ್ನೆಯನ್ನು ಅಜ್ಜಿಯೇ ಪಟ್ಟಿಗೆ ಸೇರಿಸಿಯಾಳು.

ಮಾಕಳಿಯಿಂದ ಪೀಣ್ಯದ ಕಡೆ ಹೋಗುವ ಬಸ್ಸಿನಲ್ಲಿ, ಕೈಗೆ ಪಟ್ಟಿ ಸುತ್ತಿಕೊಂಡ ಒಬ್ಬ ಕಾರ್ಮಿಕ ಜೇಬಿನಲ್ಲಿ ಎರಡು ವಸ್ತು ಇಟ್ಟುಕೊಂಡು ಕೂತಿರುವುದನ್ನು ಊಹಿಸಿಕೊಳ್ಳಿ. ಒಂದು ನೋವಿನ ಮಾತ್ರೆಯ ಪಟ್ಟಿ. ಇನ್ನೊಂದು ವ್ಯಾಯಾಮದ ಚೀಟಿ. ಆ ಚೀಟಿಯಲ್ಲಿ ‘ಬೆರಳು ಮಡಚಿ ಐದು ಎಣಿಸುವವರೆಗೆ ಹಿಡಿದು ಬಿಡುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಊತ ಬಂದರೆ ನಿಲ್ಲಿಸಿ ಬಂದು ತೋರಿಸುವುದು’ ಎಂಬಂಥ ನಾಲ್ಕು ಸಾಲು, ಕನ್ನಡದಲ್ಲಿ, ಇರಬೇಕಾದರೆ ಎಲ್ಲೋ ಒಂದು ಪ್ರಯೋಗದಲ್ಲಿ ಯಾರೋ ಅದನ್ನು ಮೊದಲು ಸರಿಯಾಗಿ ಬರೆದಿರಬೇಕು.